ನಿಮ್ಮ ಪತ್ರ ನಮ್ಮ ಕೈ ಸೇರಿದೆ

ಒಂದು ಮನೆ, ಐದು ಬಾಗಿಲು. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಹೇಳಲು ಶುರು ಮಾಡುವುದೇ ಹೀಗೆ. ಮನೆ ಎಂದರೆ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಗುಂಯ್‌ಗುಡುತ್ತ ಕೂತಿರುವ ಮೇಲ್ ಸರ್ವರ್. ಬಾಗಿಲುಗಳೆಂದರೆ ಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರುಗಳು, ಅದರ ಡೊಮೈನ್‌ಗಳು. ಆಸ್ಪತ್ರೆಯದೊಂದು, ಕಿವುಡು ಮಕ್ಕಳ ಶಾಲೆಯದೊಂದು, ಬಡಗಿಗಳ ಸಂಘದ್ದೊಂದು, ಗ್ರಂಥಾಲಯದ್ದೊಂದು. ಐದನೆಯದು ನಮ್ಮ ಅತ್ತಿಗೆಯದು. ಹೊರಗಿನವರ ಕಣ್ಣಿಗೆ ಐದು ಬೇರೆ ಬೇರೆ ಮನೆಗಳು. ಒಳಗೆ ಕಾಲಿಟ್ಟರೆ ಒಂದೇ ಹಜಾರ. ಎಲ್ಲರ ಪತ್ರಗಳೂ ಅದೇ ಹಜಾರದಲ್ಲಿ ಬಂದು ಬೀಳುತ್ತವೆ, ಅವನ್ನು ಯಾರ್ಯಾರಿಗೆ ಸೇರಬೇಕೋ ಅವರಿಗೆ ಸೇರಿಸುವ ಆಳು ನಾನೊಬ್ಬನೇ.

ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬೆಳಗ್ಗೆ ಆ ಕೋಣೆಯ ಬಾಗಿಲು ತೆಗೆದು ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುವುದು ನನ್ನ ರೂಢಿ. ಇವತ್ತು ಯಾರ ಪತ್ರವೂ ದಾರಿ ತಪ್ಪದಿರಲಿ ಎಂದು ಕೇಳಿಕೊಳ್ಳುತ್ತೇನೆ, ಅಷ್ಟೇ. ಕಟ್ಟಡದ ವಿದ್ಯುತ್ ಕೆಲಸ ನೋಡಿಕೊಳ್ಳುವ ಫ್ಯೂಸಣ್ಣ ಏಣಿಯ ಮೇಲಿಂದ ಅದನ್ನು ನೋಡಿ ನಗುತ್ತಾನೆ.

"ಏನಪ್ಪಾ ಗುಬ್ಬಿ, ನಿನ್ನ ಪೆಟ್ಟಿಗೆಗೂ ಕೈ ಮುಗೀತೀಯಾ? ಅದಕ್ಕೆ ಬೇಕಾಗಿರೋದು ತಣ್ಣನೆ ಗಾಳಿ ಕಣೋ, ಭಕ್ತಿ ಅಲ್ಲ."

"ಗಾಳಿ ನೀನು ಕೊಡು, ಅದು ನಾನು ಕೊಡ್ತೀನಿ" ಎನ್ನುತ್ತೇನೆ.

ಗುಬ್ಬಿ ಎಂದು ನನಗೆ ಹೆಸರಿಟ್ಟವನು ಅಣ್ಣ. ಚಿಕ್ಕಂದಿನಲ್ಲಿ ತಟ್ಟೆಯಲ್ಲಿ ಕೆದಕಿ ಕೆದಕಿ ಉಣ್ಣುತ್ತಿದ್ದೆನಂತೆ. ಈಗ ಐವತ್ತು ದಾಟಿದೆ, ಹೊಟ್ಟೆ ಬಂದಿದೆ, ಕಣ್ಣಿಗೆ ಬಂದಿದ್ದ ಪೊರೆ ತೆಗೆಸಿಯಾಗಿದೆ. ಹೆಸರು ಮಾತ್ರ ಹಾಗೇ ಇದೆ.

ಅಣ್ಣ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷ ಒಂದು ಗೀರೂ ಇಲ್ಲದಂತೆ ಓಡಿಸಿದವನು. ಒಂದು ಬೆಳಗ್ಗೆ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬಸ್ಸು ಕಲ್ಲುಗೋಡೆಗೆ ಉಜ್ಜಿಕೊಂಡು ನಿಂತಿತು. ಆ ಬದಿಯ ಕಿಟಕಿಗಳ ಪಕ್ಕ ಕೂತಿದ್ದ ಇಬ್ಬರು ಮತ್ತೆ ಏಳಲಿಲ್ಲ. ತಪ್ಪು ಬ್ರೇಕಿನದು, ಡ್ರೈವರನದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಣ್ಣನೊಳಗಿನ ವಿಚಾರಣೆ ಮಾತ್ರ ಮುಗಿಯಲಿಲ್ಲ. ಊಟಕ್ಕೆ ಕೂತವನು ಕೈ ತೊಳೆದು ಎದ್ದುಬಿಡುತ್ತಿದ್ದ. ಹಗಲೆಲ್ಲ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಲವತ್ತು ದಿನ ಅದನ್ನು ಸಹಿಸಿದ ಅತ್ತಿಗೆ ಒಂದು ಸಂಜೆ ಬಾಯಿ ಜಾರಿದರು. "ನೀವು ಹಿಂಗೆ ಎದುರಿಗೆ ಕೂತ್ರೆ ಆ ಇಬ್ಬರೂ ಬಂದು ಪಕ್ಕದಲ್ಲಿ ಕೂತ ಹಂಗೆ ಕಾಣುತ್ತೆ. ನನ್ನ ಕೈಲಿ ನೋಡೋಕಾಗಲ್ಲ" ಅಂದರು. ಮರುದಿನ ಅಣ್ಣ ಗಡ್ಡ ಹೆರೆಯುವ ಬ್ಲೇಡ್ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಇದಾಗಿ ಏಳು ವರ್ಷ.

ಆ ಒಂದು ಮಾತನ್ನು ಅತ್ತಿಗೆ ಏಳು ವರ್ಷ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹುಡುಕಲು ಹೊರಟರು. ಶಾಲೆಯ ಸಮವಸ್ತ್ರ ಹೊಲಿದು ಬದುಕುವ ಹೆಂಗಸು, ಹೊಲಿಗೆ ಯಂತ್ರದ ಪಕ್ಕದಲ್ಲೇ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ತಮ್ಮಂತೆ ಮನೆಯವರನ್ನು ಕಳೆದುಕೊಂಡವರನ್ನೆಲ್ಲ ಒಂದೊಂದಾಗಿ ಪೋಣಿಸಿದರು. ಮಗಳು ಕಾಣೆಯಾದ ತಾಯಿ, ತಂದೆ ಮರೆವಿನಲ್ಲಿ ಎಲ್ಲೋ ನಡೆದುಹೋದ ಮಗ, ಹೀಗೆ ಇನ್ನೂರಕ್ಕೂ ಹೆಚ್ಚು ಮನೆಗಳು. ಅದಕ್ಕೆ ಅವರು ಇಟ್ಟ ಹೆಸರು ಬಳಗ. ಪ್ರತಿ ಸೋಮವಾರ ಒಂದು ಪತ್ರ ಎಲ್ಲರಿಗೂ ಹೋಗುತ್ತದೆ. ಹೊಸದಾಗಿ ಯಾರು ಕಾಣೆಯಾಗಿದ್ದಾರೆ, ಯಾರು ಎಲ್ಲಿ ಕಂಡರು, ಯಾರ ನಿರೀಕ್ಷೆ ಮುಗಿಯಿತು ಎಂಬುದೆಲ್ಲ ಅದರಲ್ಲಿ. ಜೊತೆಗೆ ಒಂದು ಕರಪತ್ರ: ಫೋಟೋಗಳು, ಅವುಗಳ ಕೆಳಗೆ ಬಳಗದ ಮೇಲ್ ವಿಳಾಸ. ಸದಸ್ಯರು ತಮ್ಮ ತಮ್ಮ ಊರಿನ ನಿಲ್ದಾಣಗಳಲ್ಲಿ ಅದನ್ನು ಅಂಟಿಸುತ್ತಾರೆ. ಮೊದಲು ಫೋನ್ ನಂಬರನ್ನೂ ಹಾಕುತ್ತಿದ್ದರು. "ನಿನ್ನ ಗಂಡ ನನ್ನ ಪಕ್ಕದಲ್ಲೇ ಕೂತಿದ್ದಾನೆ, ಮಾತಾಡ್ತೀಯಾ?" ಎಂದು ಯಾರೋ ಕುಡುಕರು ಆಡಿಸತೊಡಗಿದ ಮೇಲೆ ಅತ್ತಿಗೆ ಆ ನಂಬರನ್ನೇ ಬಿಟ್ಟರು, ಆ ಮನೆಯನ್ನೂ ಬಿಟ್ಟರು. ನಮ್ಮ ಕಚೇರಿಯ ಹತ್ತಿರ ಎರಡು ಕೋಣೆ ಹಿಡಿದರು. ಅಂದಿನಿಂದ ಕರಪತ್ರದಲ್ಲಿ ಮೇಲ್ ವಿಳಾಸವೊಂದೇ.

ಇನ್ನೂರು ಮಂದಿಗೆ ಪತ್ರ ಕಳಿಸುವುದೆಂದರೆ ಅತ್ತಿಗೆಗೆ ಇಡೀ ದಿನದ ಕೆಲಸ. ನಲವತ್ತು ನಲವತ್ತು ವಿಳಾಸ ಕೂಡಿಸಿ ಐದಾರು ಸಲ ಕಳಿಸಬೇಕು. ಒಮ್ಮೆ ಒಂದೇ ಗುಂಪಿಗೆ ಎರಡು ಸಲ ಹೋಗಿ, ಒಬ್ಬ ಮುದುಕಿ "ನನ್ನ ಮಗಂದು ಎರಡು ಸುದ್ದಿ ಬಂತಾ?" ಎಂದು ಆಸೆಯಿಂದ ಕೇಳಿದಳಂತೆ. ಅವತ್ತೇ ನಾನು ಹೇಳಿದೆ.

"ಅತ್ತಿಗೆ, ಇದಕ್ಕೆ ಒಂದು ಸಾಫ್ಟ್‌ವೇರ್ ಇದೆ. ಮೇಲಿಂಗ್ ಲಿಸ್ಟ್ ಅಂತಾರೆ. ನೀವು ಒಂದು ವಿಳಾಸಕ್ಕೆ ಬರೆದ್ರೆ ಸಾಕು, ಅದೇ ಎಲ್ಲರ ಮನೆಗೂ ಹಂಚುತ್ತೆ. ನಮ್ಮ ಸರ್ವರ್‌ನಲ್ಲೇ ಹಾಕಿಕೊಡ್ತೀನಿ."

"ಹೊರಗಿನವರು ಬರೆದ್ರೆ?" ಅಂದರು ಅತ್ತಿಗೆ. ಅವರಿಗೆ ಅದೊಂದೇ ಮುಖ್ಯ. "ನೋಡೋ, ನಮ್ಮ ಜನ ಬರೆಯೋದು ಹಂಗಿರಲಿ. ಕರಪತ್ರ ನೋಡಿ ಯಾರೋ ಗುರುತಿಲ್ಲದವರು ಬರೀತಾರಲ್ಲ, ಅದು ನನಗೆ ತಪ್ಪದೆ ಬರಬೇಕು."

"ಬರುತ್ತೆ. ಸದಸ್ಯರಲ್ಲದವರ ಪತ್ರವನ್ನ ಅದು ಒಂದು ಕಡೆ ತಡೆದಿಡುತ್ತೆ. ಮೇಲ್ವಿಚಾರಕರಿಗೆ, ಅಂದ್ರೆ ನಿಮಗೆ, ತಕ್ಷಣ ಒಂದು ಸೂಚನೆ ಕಳಿಸುತ್ತೆ. ನೀವು ಓದಿ ಒಪ್ಪಿದ ಮೇಲೆ ಬಳಗಕ್ಕೆ ಹೋಗುತ್ತೆ."

"ಪಾಪ, ಬರೆದವರು ಅಲ್ಲೀವರೆಗೂ ಏನು ಅಂದ್ಕೋಬೇಕು?"

"ಅವರಿಗೂ ಒಂದು ಉತ್ತರ ತಾನಾಗೇ ಹೋಗುತ್ತೆ."

ಆ ತಾನಾಗೇ ಹೋಗುವ ಉತ್ತರ ಸಾಫ್ಟ್‌ವೇರ್‌ನ ಜೊತೆ ಬಂದಾಗ ಸರ್ಕಾರಿ ಕಚೇರಿಯ ನೋಟಿಸಿನಂತಿತ್ತು. ನೊಂದವರು, ಹೆದರಿದವರು ಓದುವ ಮಾತು ಹಾಗಿರಬಾರದು ಅನ್ನಿಸಿತು. ಒಂದು ಮಧ್ಯಾಹ್ನವಿಡೀ ಕೂತು ನಾನೇ ಬರೆದೆ. ಅತ್ತಿಗೆಗೆ ಓದಿ ತೋರಿಸಿದೆ.

"ನಮಸ್ಕಾರ. ನಿಮ್ಮ ಪತ್ರ ನಮ್ಮ ಕೈ ಸೇರಿದೆ. ನಮ್ಮ ಮೇಲ್ವಿಚಾರಕಿ ಅದನ್ನು ತಾವೇ ಓದಿ, ತಮ್ಮ ತೀರ್ಮಾನ ತಿಳಿಸುತ್ತಾರೆ. ದಯವಿಟ್ಟು ಕಾದಿರಿ." ಕೆಳಗೆ ಅತ್ತಿಗೆಯ ಹೆಸರು.

ಅತ್ತಿಗೆ ಬಾಯಲ್ಲಿದ್ದ ದಾರದ ತುದಿಯನ್ನು ಕಚ್ಚಿ ತೆಗೆದರು. "ಚೆನ್ನಾಗಿ ಬರ್ದಿದ್ದೀಯ ಕಣೋ. ಮನೆಯವರೇ ಬಾಗಿಲಿಗೆ ಬಂದು ಹೇಳಿದ ಹಂಗಿದೆ."

ಸಾಫ್ಟ್‌ವೇರ್ ಕೂರಿಸುವ ಕೆಲಸ ನಾಲ್ಕು ದಿನ ಹಿಡಿಯಿತು. ಒಂದೇ ಬಾಗಿಲಿನ ಮನೆಯಾಗಿದ್ದರೆ ಅರ್ಧ ದಿನದ ಕೆಲಸ. ಐದು ಬಾಗಿಲಿರುವಲ್ಲಿ ಪ್ರತಿಯೊಂದು ಲಿಸ್ಟಿಗೂ ನೀನು ಇಂಥ ಬಾಗಿಲಿನವನು ಎಂದು ಹೇಳಿಕೊಡಬೇಕು. ಸೇರುವವರಿಗೆ ಒಂದು ವಿಳಾಸ, ಬಿಡುವವರಿಗೆ ಒಂದು, ಹಿಂತಿರುಗಿದ ಪತ್ರಗಳಿಗೆ ಒಂದು, ಯಜಮಾನರಿಗೆ, ಅಂದರೆ ಮೇಲ್ವಿಚಾರಕರಿಗೆ, ಒಂದು ಎಂದು ಒಂದೊಂದು ಲಿಸ್ಟಿಗೆ ಹತ್ತು ವಿಳಾಸಗಳಿರುತ್ತವೆ. ಅವನ್ನೆಲ್ಲ ಕೈಯಾರೆ ಬರೆದೆ. ಬರೆದದ್ದನ್ನು ಎರಡು ಸಲ ಓದಿದೆ. ಅತ್ತಿಗೆಯ ಕಂಪ್ಯೂಟರಿನಿಂದ ಬಳಗಕ್ಕೆ ಒಂದು ಸಾಲು ಕಳಿಸಿದೆ, ಇನ್ನೂರ ಹದಿನಾಲ್ಕು ಮನೆಗೂ ಹೋಯಿತು. ನನ್ನ ವಿಳಾಸದಿಂದ ಉತ್ತರ ಬರೆದೆ, ಅದೂ ಹೋಯಿತು. ಕೋಣೆಯ ಬಾಗಿಲು ಎಳೆದುಕೊಂಡು, ದೇವರೇ ನಡೆಸಿಕೊಟ್ಟ ಎಂದುಕೊಂಡು ಮನೆಗೆ ನಡೆದೆ.

ನಾನು ಮಾಡಿದ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕತೆ ಕಟ್ಟುವುದು ನನ್ನಿಂದಾಗದು. ನಾನು ಪರೀಕ್ಷೆ ಮಾಡಿದ್ದು ಮನೆಯವರ ಪತ್ರ ಹಾಕಿ. ಅತ್ತಿಗೆ ಸದಸ್ಯೆ, ನಾನೂ ಸದಸ್ಯ. ಗುರುತಿಲ್ಲದವನೊಬ್ಬ ಬಂದು ಬಾಗಿಲು ತಟ್ಟಿದರೆ ಏನಾಗುತ್ತದೆಂದು ಒಂದೇ ಒಂದು ಸಲ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಹತ್ತು ವಿಳಾಸಗಳಲ್ಲಿ ಯಜಮಾನರ ವಿಳಾಸಕ್ಕೆ ಬಾಗಿಲು ಹೇಳುವ ಒಂದು ಸಾಲು ಬಿಟ್ಟುಹೋಗಿತ್ತು. ಬಾಗಿಲು ಹೇಳದಿದ್ದರೆ ಸಾಫ್ಟ್‌ವೇರ್ ತಲೆಬಾಗಿಲನ್ನೇ ಹಿಡಿಯುತ್ತದೆ. ನಮ್ಮಲ್ಲಿ ತಲೆಬಾಗಿಲು ಎಂದರೆ ಆಸ್ಪತ್ರೆಯದು. ಅಲ್ಲಿನ ಯಜಮಾನರ ವಿಳಾಸಕ್ಕೆ ಮೂರು ವರ್ಷ ಹಿಂದೆ ಮಾತ್ರೆ, ಗಡಿಯಾರ, ಲಾಟರಿ ಎಂದು ರಾಶಿ ರಾಶಿ ಕಸ ಬರುತ್ತಿತ್ತು. ಆಸ್ಪತ್ರೆಯವರು ರೇಗಿದ್ದಕ್ಕೆ ನಾನೇ ಒಂದು ನಿಯಮ ಬರೆದಿದ್ದೆ: ಆ ವಿಳಾಸಕ್ಕೆ ಬಂದದ್ದೆಲ್ಲವನ್ನೂ ಸದ್ದಿಲ್ಲದೆ ಬಿಸಾಕು. ಬರೆದು ಮರೆತಿದ್ದೆ. ಹೀಗೆ, ಅತ್ತಿಗೆಗೆ ಹೋಗಬೇಕಾಗಿದ್ದ ಸೂಚನೆ ಆಸ್ಪತ್ರೆಯ ಬಾಗಿಲಿಗೆ ಹೋಯಿತು, ಅಲ್ಲಿಂದ ನನ್ನದೇ ಕೈ ಅದನ್ನು ಎತ್ತಿ ತಿಪ್ಪೆಗೆ ಹಾಕಿತು. ಬರೆದವರಿಗೆ ಹೋಗಬೇಕಾದ ಉತ್ತರ ಮಾತ್ರ ಎಲ್ಲೂ ತಡವರಿಸದೆ ಹೋಯಿತು.

ಬಳಗ ಚೆನ್ನಾಗಿ ನಡೆಯಿತು. ಸೋಮವಾರದ ಪತ್ರ ಐದು ನಿಮಿಷದ ಕೆಲಸವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಅತ್ತಿಗೆ ಕಾಜಾ ಮಾಡುತ್ತ ಕೇಳಿದ್ದರು.

"ಹೊರಗಿನವರು ಯಾರೂ ಬರೀತಾನೇ ಇಲ್ವಲ್ಲೋ ಗುಬ್ಬಿ? ಮೊದಲು ತಿಂಗಳಿಗೆ ಎರಡಾದ್ರೂ ಬರ್ತಿತ್ತು."

"ಜನ ಈಗ ಬರೆಯೋದೇ ಬಿಟ್ಟಿದ್ದಾರೆ ಅತ್ತಿಗೆ. ಎಲ್ಲಾ ಫೋನಲ್ಲೇ."

"ಅದೂ ನಿಜ ಬಿಡು" ಅಂದು ಗುಂಡಿಗೆ ದಾರ ಪೋಣಿಸಿದರು.

ಅಷ್ಟು ಸುಲಭವಾಗಿ ಆಡಿದ ಮಾತು. ಆಗಲೂ ಎದ್ದು ಹೋಗಿ ನೋಡಬಹುದಿತ್ತು.

ನೋಡಿದ್ದು ಹನ್ನೊಂದು ತಿಂಗಳಾದ ಮೇಲೆ. ಸರ್ವರ್‌ಗೆ ಆರನೆಯ ಬಾಗಿಲು ಸೇರಿತು, ಒಂದು ಗಾಯನ ತಂಡದ್ದು; ನನ್ನ ಬಾಯಿಗೆ ಮಾತ್ರ ಈಗಲೂ ಐದು ಎಂದೇ ಬರುತ್ತದೆ. ಅವರಿಗೂ ಲಿಸ್ಟ್ ಬೇಕಿತ್ತು, ಅತ್ತಿಗೆಯ ಲಿಸ್ಟನ್ನೇ ಮಾದರಿಯಾಗಿಟ್ಟುಕೊಂಡು ಕೂರಿಸಿದೆ. ತಂಡದ ಮೇಷ್ಟ್ರು ಸದಸ್ಯೆಯಲ್ಲದ ಹೆಂಡತಿಯ ವಿಳಾಸದಿಂದ ಏನೋ ಬರೆದು, ಕಾಲು ಗಂಟೆಯೊಳಗೆ ಫೋನ್ ಮಾಡಿದರು.

"ಏನ್ರೀ, ಪತ್ರ ಕೈ ಸೇರಿದೆ ಅಂತ ಉತ್ತರ ಬಂತು. ಯಾರ ಕೈ ಸೇರಿದೆ? ನಾನೇ ಮೇಲ್ವಿಚಾರಕ, ನನ್ನ ಕೈ ಅಂತೂ ಖಾಲಿ ಇದೆ!"

ನಗುತ್ತ ನೋಡಲು ಹೋದೆ. ತಡೆದಿಟ್ಟ ಪತ್ರಗಳ ಪುಟದಲ್ಲಿ ಅವರ ಪತ್ರ ಇತ್ತು. ಸೂಚನೆ ಎಲ್ಲಿ ಹೋಯಿತೆಂದು ಸರ್ವರ್‌ನ ದಾಖಲೆ ಹಿಡಿದು ಹೊರಟೆ. ಅದು ಆಸ್ಪತ್ರೆಯ ಬಾಗಿಲಿನವರೆಗೆ ನಡೆದು ಅಲ್ಲಿ ಮಾಯವಾಗಿತ್ತು. ನನ್ನ ನಗು ಅರ್ಧಕ್ಕೆ ನಿಂತಿತು. ಅತ್ತಿಗೆಯ ಬಳಗದ ಅದೇ ಪುಟವನ್ನು ತೆರೆಯಲು ಬೆರಳು ಒಪ್ಪಲಿಲ್ಲ. ತೆರೆದೆ. ಒಂದು ಸಾವಿರದ ನೂರ ಅರವತ್ತಮೂರು ಪತ್ರಗಳು ಕಾಯುತ್ತಿದ್ದವು.

ಏಣಿಯಿಂದ ಇಳಿದ ಫ್ಯೂಸಣ್ಣ ನನ್ನ ಮುಖ ನೋಡಿ ಹೆದರಿದ. "ಏನಾಯ್ತೋ? ಶಾಕ್ ಹೊಡೀತಾ?"

"ಹೂಂ" ಅಂದೆ.

ಒಂದೇ ಗುಂಡಿ ಒತ್ತಿ ಎಲ್ಲವನ್ನೂ ಅಳಿಸುವ ಅನುಕೂಲ ಆ ಪುಟದಲ್ಲಿದೆ. ಬಹುಪಾಲು ಕಸವೇ ಇತ್ತು. ಆದರೂ ಎರಡು ದಿನ ಕೂತು ಒಂದೊಂದನ್ನೂ ತೆರೆದೆ. ನಿಜವಾದ ಪತ್ರಗಳು ಇಪ್ಪತ್ತಾರು. "ಈ ಫೋಟೋದ ಹುಡುಗಿ ನಮ್ಮ ಬೇಕರಿಯಲ್ಲಿ ಕೆಲಸಕ್ಕಿದ್ದಾಳೆ." "ಮೂರನೇ ಫೋಟೋದ ಅಜ್ಜ ನಮ್ಮ ರಸ್ತೆಯಲ್ಲಿ ತಿರುಗುತ್ತಾರೆ, ಕಾಲಿಗೆ ಗಾಯವಾಗಿದೆ, ಬೇಗ ಬನ್ನಿ." ಬೇಗ ಬನ್ನಿ ಎಂದು ಬರೆದು ಏಳು ತಿಂಗಳಾಗಿತ್ತು. ಆ ಪತ್ರಗಳನ್ನು ಕಂಡ ಕಂಡ ಹಾಗೆ ಬಿಡುಗಡೆ ಮಾಡಿದೆ.

ಬಳಗ ಶುರುವಾದ ಹತ್ತೊಂಬತ್ತನೆಯ ದಿನ ಬಂದಿದ್ದ ಪತ್ರ, ಪಟ್ಟಿಯ ತೀರ ಕೆಳಗಿತ್ತು. ವಿಷಯ ಎಂಬಲ್ಲಿ ಒಂದೇ ಪದ: "ನಾನೇ."

ಅದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

"ಇವಳೇ, ಬಸ್ ನಿಲ್ದಾಣದ ಗೋಡೆ ಮೇಲೆ ನನ್ನ ಮುಖ ನೋಡಿದೆ. ನಮ್ಮ ಮದುವೆ ಫೋಟೋ ಕತ್ತರಿಸಿ ಹಾಕಿದ್ದೀಯ. ನಿನ್ನ ಭುಜ ಚೂರು ಉಳಿದಿದೆ. ಅದನ್ನ ನೋಡ್ತಾ ತುಂಬಾ ಹೊತ್ತು ನಿಂತಿದ್ದೆ. ನಾನು ಇಲ್ಲಿ ಬಸ್ ತೊಳೀತೀನಿ, ಓಡಿಸಲ್ಲ. ಆ ಇಬ್ಬರೂ ಈಗಲೂ ಜೊತೆಗೇ ಇದ್ದಾರೆ, ಆದ್ರೆ ಸುಮ್ಮನೆ ಇರ್ತಾರೆ, ನಾನೂ ಸುಮ್ಮನೆ ಇರ್ತೀನಿ. ಈಗ ಊಟ ಪೂರ್ತಿ ಮಾಡ್ತೀನಿ. ಬರಲಾ? ನಿನ್ನ ಕೈಲಿ ಆಗಲ್ಲ ಅಂದ್ರೆ ಅದನ್ನ ಬರೆಯೋ ಕಷ್ಟ ತಗೋಬೇಡ. ಈ ತಿಂಗಳ ಕೊನೆವರೆಗೂ ನೋಡ್ತೀನಿ. ಏನೂ ಬರದಿದ್ರೆ ಬೇಡ ಅಂತ ತಿಳ್ಕೋತೀನಿ, ಬೇಜಾರು ಮಾಡ್ಕೊಳ್ಳಲ್ಲ. ಗುಬ್ಬಿ ಹೆಂಗಿದ್ದಾನೆ? ಕಣ್ಣು ತೋರಿಸಿಕೊಂಡನಾ?"

ಕೊನೆಯಲ್ಲಿ ಅವನಿದ್ದ ವಸತಿಗೃಹದ ಹೆಸರು, ಊರಿನ ಹೆಸರು.

ಅದನ್ನು ಓದಿ ಮುಗಿಸುವ ಹೊತ್ತಿಗೆ ಕೋಣೆಯ ತಣ್ಣನೆ ಗಾಳಿ ನನ್ನ ಮೂಳೆಗೆ ಇಳಿದಿತ್ತು. ಆ ಪತ್ರಕ್ಕೆ ಉತ್ತರ ಬರೆದೆ: "ಅಣ್ಣಾ, ಬಾ. ತಪ್ಪು ನನ್ನದು. ಅತ್ತಿಗೆ ಕಾಯ್ತಿದ್ದಾರೆ." ಮೂರು ನಿಮಿಷಕ್ಕೆ ವಾಪಸು ಬಂತು. ಇಂಥ ವಿಳಾಸ ಇಲ್ಲ. ಆರು ತಿಂಗಳು ಯಾರೂ ತೆರೆಯದ ವಿಳಾಸವನ್ನು ಅದನ್ನು ಕೊಟ್ಟ ಕಂಪನಿ ಮುಚ್ಚಿಬಿಡುತ್ತದೆ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೊಮ್ಮೆ ಕಳಿಸಿದೆ.

ವಸತಿಗೃಹದ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದವರು ಅದನ್ನು ನಡೆಸುವ ಹೆಂಗಸು. ಹಿಂದುಗಡೆ ಪಾತ್ರೆ ತಿಕ್ಕುವ ಸದ್ದು.

"ಬಸ್ ತೊಳೆಯೋರಾ? ಅಯ್ಯೋ, ಅವರು ಹೋಗಿ ಎಷ್ಟು ದಿನ ಆಯ್ತು! ಎಂಟು ತಿಂಗಳಾಯ್ತೇನಪ್ಪಾ. ನೀವು ಯಾರು?"

"ತಮ್ಮ."

ಪಾತ್ರೆಯ ಸದ್ದು ನಿಂತಿತು. "ತಮ್ಮ ಅಂತೀರಾ. ಈಗ ಫೋನ್ ಮಾಡ್ತಿದ್ದೀರಾ." ಆಕೆ ಉಸಿರು ಬಿಟ್ಟರು. "ನೋಡಿ ಸ್ವಾಮಿ, ದಿನಾ ಸಾಯಂಕಾಲ ಕೈಕಾಲು ತೊಳ್ಕೊಂಡು ಬಂದು ನಿಂತ್ಕೊಳ್ಳೋರು. 'ಅಮ್ಮಾ, ಒಂದ್ಸಲ ನೋಡ್ಲಾ?' ಅನ್ನೋರು. ನನ್ನ ಕಂಪ್ಯೂಟರಲ್ಲೇ ನೋಡ್ತಿದ್ದದ್ದು. ತಿಂಗಳ ಕೊನೆಗೆ ಹೊರಡ್ತೀನಿ ಅಂದಿದ್ರು. ಆದ್ರೆ ಒಂದು ಉತ್ತರ ಬಂದಿತ್ತಲ್ಲ, ಕಾದಿರಿ ಅಂತ. ಅದನ್ನ ನನ್ನ ಕೈಲೇ ಪ್ರಿಂಟ್ ತೆಗೆಸಿ ಜೇಬಲ್ಲಿ ಇಟ್ಕೊಂಡಿದ್ರು. 'ಅವಳೇ ಓದ್ತಾಳೆ ಅಂತ ಬರೆದಿದೆ, ಕೆಳಗೆ ಅವಳ ಹೆಸರೇ ಇದೆ, ಕಾಯೋಕೆ ಹೇಳಿದ್ದಾಳೆ, ಕಾಯ್ತೀನಿ' ಅನ್ನೋರು. ಮೂರು ತಿಂಗಳು ಕಾದ್ರು."

"ಆಮೇಲೆ?"

"ಆಮೇಲೇನು. ಒಂದಿನ ನಾನೇ ಕೇಳ್ದೆ, ಏನಂತಪ್ಪಾ ಅಂತ. 'ತೀರ್ಮಾನ ಆಯ್ತಮ್ಮಾ' ಅಂದ್ರು. ಮಾರನೇ ದಿನ ಚಾಪೆ ಮಡಚಿಟ್ಟು, ಕೋಣೆ ಗುಡಿಸಿ, ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಕೇಳೋ ಹಂಗಿರಲಿಲ್ಲ ಮುಖ."

ಬಸ್ ಡಿಪೋಗಳಿಗೆ, ಆಶ್ರಮಗಳಿಗೆ, ಆಸ್ಪತ್ರೆಗಳಿಗೆ ಒಂಬತ್ತು ದಿನ ಬರೆದೆ, ಕೇಳಿದೆ. ಎರಡು ದಿನ ರಜೆ ಹಾಕಿ ಆ ಊರಿಗೇ ಹೋಗಿಬಂದೆ. ಬಸ್ ತೊಳೆಯುವ ಅಂಗಳದಲ್ಲಿ ಬೇರೆ ಯಾರೋ ಪೈಪ್ ಹಿಡಿದು ನಿಂತಿದ್ದರು. ನಿಲ್ದಾಣದ ಗೋಡೆಯ ಮೇಲೆ ನಮ್ಮ ಕರಪತ್ರ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಣ್ಣನ ಮುಖ ಇದ್ದ ಜಾಗವನ್ನು ಯಾರೋ ಚೌಕವಾಗಿ, ನೀಟಾಗಿ ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದರು. ಅದು ಅವನೇ ಎಂದು ನಾನು ನಂಬಿದ್ದೇನೆ. ಮುಖ ಬೇಡವಾಗಿ ತೆಗೆದನೋ, ಆ ಭುಜದ ಚೂರು ಬೇಕಾಗಿ ತೆಗೆದನೋ, ಅದನ್ನು ಮಾತ್ರ ದೇವರೇ ಬಲ್ಲ.

ಊರಿನಿಂದ ಮರಳಿ ಅತ್ತಿಗೆಯ ಮನೆಗೆ ಹೋದಾಗ ಅವರು ಹಿಗ್ಗಿನಲ್ಲಿದ್ದರು. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

"ಗೊತ್ತಾಯ್ತೇನೋ? ಆ ಬೇಕರಿ ಹುಡುಗಿ ಸಿಕ್ಕಿದಳಂತೆ! ಅಮ್ಮ ಹೋಗಿ ನೋಡಿದ್ರೆ ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದಾಳೆ. ಫೋನಲ್ಲಿ ಇಬ್ಬರೂ ಅಳೋದೇ ಅಳೋದು. ಆ ಅಜ್ಜಂದು ಮಾತ್ರ…" ನನ್ನ ಕೈ ಬಿಟ್ಟರು. "ಅವರು ಚಳಿಗಾಲದಲ್ಲೇ ಹೋಗ್ಬಿಟ್ರಂತೆ. ಅಲ್ಲಾ, ಇಷ್ಟೊಂದು ಪತ್ರ ಒಂದೇ ಸಲ ಹೆಂಗೆ ಬಂತೋ? ನಾನು ಅವತ್ತೇ ಹೇಳಿರಲಿಲ್ವಾ, ಜನ ಬರೀತಾರೆ ಅಂತ!"

ಬಳಗಕ್ಕೆ ಬಿಡುಗಡೆ ಮಾಡದೆ ಪ್ರಿಂಟ್ ತೆಗೆದಿಟ್ಟುಕೊಂಡಿದ್ದ ಅಣ್ಣನ ಪತ್ರ ನನ್ನ ಜೇಬಿನಲ್ಲಿತ್ತು. ಆ ಹಿಗ್ಗಿನ ಮುಖದೆದುರು ಅದನ್ನು ತೆಗೆಯುವ ಬದಲು ನನ್ನ ಕೈಯೇ ಬಿದ್ದುಹೋಗಬಾರದೇ ಅನ್ನಿಸಿತು. ಆದರೆ ಪತ್ರಗಳನ್ನು ತಡೆದಿಡುವ ಕೆಲಸ ನಾನು ಆಗಲೇ ಹನ್ನೊಂದು ತಿಂಗಳು ಮಾಡಿದ್ದೆ. ಇನ್ನೊಂದು ದಿನವೂ ಮಾಡುವ ಹಕ್ಕು ನನಗಿರಲಿಲ್ಲ. ತೆಗೆದು ಕೊಟ್ಟೆ.

ಅತ್ತಿಗೆ ಕನ್ನಡಕ ಹುಡುಕಿದರು, ಅದು ತಲೆಯ ಮೇಲೆಯೇ ಇತ್ತು. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಓದಿದರು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಓದಿ ಮುಗಿದ ಮೇಲೂ ಕಾಗದ ಹಿಡಿದೇ ಇದ್ದರು.

"ಇದು ಯಾವತ್ತು ಬಂದಿದ್ದು?"

"ಹೋದ ವರ್ಷ. ಬಳಗ ಶುರುವಾಗಿ ಹತ್ತೊಂಬತ್ತನೇ ದಿನ."

"ನನಗೆ ಬರಲಿಲ್ವಲ್ಲ."

"ಇಲ್ಲ. ನಾನು ಒಂದು ಸಾಲು ಬರೆಯೋದು ಮರ್ತಿದ್ದೆ ಅತ್ತಿಗೆ. ನಿಮಗೆ ಬರಬೇಕಾಗಿದ್ದ ಸೂಚನೆ ಬೇರೆ ಬಾಗಿಲಿಗೆ ಹೋಯ್ತು. ಎಲ್ಲಾ ನನ್ನಿಂದಲೇ ಆಗಿದ್ದು."

ಅವರು ನನ್ನ ಕಡೆ ನೋಡಲಿಲ್ಲ. "ಅವರಿಗೆ ಏನು ಹೋಯ್ತು?"

ನಾನು ಹೇಳಲೇಬೇಕಾಯಿತು. ನಿಮ್ಮ ಪತ್ರ ನಮ್ಮ ಕೈ ಸೇರಿದೆ ಎಂಬಲ್ಲಿಂದ ಕಾದಿರಿ ಎಂಬಲ್ಲಿಯವರೆಗೆ, ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದೆ. ವಸತಿಗೃಹದ ಹೆಂಗಸು ಹೇಳಿದ್ದನ್ನೂ ಬಿಡದೆ ಹೇಳಿದೆ. ಮೂರು ತಿಂಗಳು ಎಂಬ ಮಾತು ಬಂದಾಗ ಅತ್ತಿಗೆಯ ಕಾಲು ಯಂತ್ರದ ತುಳಿಯುವ ಹಲಗೆಯ ಮೇಲೆ ಒಮ್ಮೆ ಒತ್ತಿತು. ಬಟ್ಟೆಯಿಲ್ಲದೆ ಸೂಜಿ ಕೆಳಗೆ ಹೋಗಿ ಮೇಲೆ ಬಂತು.

"ಕೆಳಗೆ ನನ್ನ ಹೆಸರಿತ್ತಾ?"

"ಇತ್ತು."

"ಚೆನ್ನಾಗಿ ಬರ್ದಿದ್ದೆ ನೀನು" ಅಂದರು ಅತ್ತಿಗೆ. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಅದಕ್ಕೇ ನಂಬಿದ್ರು."

ಬೈಯಿರಿ ಎಂದು ಕೇಳಿಕೊಂಡೆ. ನೆಲದ ಮೇಲೆ ಅವರ ಕಾಲಿನ ಹತ್ತಿರ ಕೂತೆ.

"ಬೈದು ಒಂದ್ಸಲ ನೋಡಿದ್ದೀನಲ್ಲೋ" ಅಂದರು.

ಅಷ್ಟು ಹೊತ್ತೂ ಅವರು ಅಳಲಿಲ್ಲ. ಅತ್ತದ್ದು ಬಹಳ ಹೊತ್ತಿನ ಮೇಲೆ, ಬೇರೆಯೇ ಒಂದು ಮಾತಿಗೆ. "ಊಟ ಪೂರ್ತಿ ಮಾಡ್ತೀನಿ ಅಂತ ಬರ್ದಿದ್ದಾರೆ ನೋಡು" ಎಂದರು. ಸೆರಗು ಬಾಯಿಗೆ ಹಿಡಿದರು.

ಮರುದಿನ ಬೆಳಗ್ಗೆ ಅತ್ತಿಗೆ ಕಚೇರಿಗೆ ಬಂದರು, ಅದುವರೆಗೆ ಒಮ್ಮೆಯೂ ಬಂದವರಲ್ಲ. ಹಿಂದಿನ ಕೋಣೆಯನ್ನು, ಗುಂಯ್‌ಗುಡುವ ಪೆಟ್ಟಿಗೆಯನ್ನು ನಿಂತು ನೋಡಿದರು. ಫ್ಯೂಸಣ್ಣ ಸ್ಟೂಲ್ ತಂದುಕೊಟ್ಟು, ಏಣಿ ಎತ್ತಿಕೊಂಡು ಹೊರಗೆ ಹೋದ.

"ಇದರೊಳಗೇ ಇತ್ತಾ?"

"ಹೂಂ."

"ಅವರ ಆ ವಿಳಾಸಾನ ಬಳಗಕ್ಕೆ ಸೇರಿಸು. ಸದಸ್ಯರು ಅಂತ. ಇನ್ನುಮೇಲೆ ಬರೆದ್ರೆ ಎಲ್ಲೂ ತಡೀಬಾರದು, ನೆಟ್ಟಗೆ ಬರಬೇಕು."

"ಆ ವಿಳಾಸ ಮುಚ್ಚಿಹೋಗಿದೆ ಅತ್ತಿಗೆ. ಅದರಿಂದ ಯಾರೂ ಬರೆಯೋಕಾಗಲ್ಲ. ನಾವು ಕಳಿಸಿದ್ದೂ ವಾಪಸು ಬರುತ್ತೆ. ಐದು ಸಲ ವಾಪಸು ಬಂದ್ರೆ ಸಾಫ್ಟ್‌ವೇರ್ ತಾನಾಗೇ ಹೆಸರು ತೆಗೆದುಹಾಕುತ್ತೆ."

"ತೆಗೆದ್ರೆ ನೀನು ಮತ್ತೆ ಸೇರಿಸು."

ಸೇರಿಸಿದೆ. ಬಿಟ್ಟುಹೋಗಿದ್ದ ಸಾಲನ್ನು ಬರೆದೆ. ಗುರುತಿಲ್ಲದವನ ವಿಳಾಸವೊಂದನ್ನು ಮಾಡಿಕೊಂಡು ಅದರಿಂದ ಬಳಗಕ್ಕೆ ಬರೆದು ನೋಡಿದೆ. ಅತ್ತಿಗೆಯ ಫೋನು ಅವರ ಕೈಯಲ್ಲೇ ಸದ್ದು ಮಾಡಿತು. ಅವರು ಬೆಚ್ಚಿ ನೋಡಿದರು. "ನಾನೇ ಅತ್ತಿಗೆ, ಪರೀಕ್ಷೆ" ಅಂದೆ. ಆ ಅರೆಕ್ಷಣದ ಅವರ ಮುಖವನ್ನು ನಾನು ಸಾಯುವವರೆಗೆ ಮರೆಯಲಾರೆ. ಆ ತಾನಾಗೇ ಹೋಗುವ ಉತ್ತರವನ್ನೂ ತೆಗೆದುಹಾಕಿದೆ. ಈಗ ಬರೆದವರಿಗೆ ಏನೂ ಹೋಗುವುದಿಲ್ಲ, ಅತ್ತಿಗೆಯೇ ಓದಿ ಅವತ್ತೇ ಎರಡು ಸಾಲು ಬರೆಯುತ್ತಾರೆ.

ಅಂದಿನಿಂದ ಸೋಮವಾರದ ಪತ್ರ ಇನ್ನೂರ ಹದಿನೈದು ವಿಳಾಸಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಮೂರು ನಿಮಿಷಕ್ಕೆ ಮರಳಿ ಬರುತ್ತದೆ. ಐದನೆಯ ಸೋಮವಾರ ಅಣ್ಣನ ವಿಳಾಸ ಪಟ್ಟಿಯಿಂದ ಬಿದ್ದುಹೋಗುತ್ತದೆ. ಮಂಗಳವಾರ ಬೆಳಗ್ಗೆ ಕೋಣೆಯ ಬಾಗಿಲು ತೆಗೆದು, ಕಣ್ಣು ಮುಚ್ಚಿ ನಿಂತು, ನಾನು ಅದನ್ನು ಮತ್ತೆ ಸೇರಿಸುತ್ತೇನೆ. ಆ ವಿಳಾಸದ ಮಟ್ಟಿಗೆ ವಾಪಸು ಬಂದ ಪತ್ರಗಳ ಎಣಿಕೆಯನ್ನೇ ನಿಲ್ಲಿಸುವ ಅನುಕೂಲ ಸಾಫ್ಟ್‌ವೇರ್‌ನಲ್ಲಿದೆ, ಒಂದು ಗುರುತು ಹಾಕಿದರೆ ಸಾಕು. ನಾನು ಹಾಕಿಲ್ಲ. ಕೈಯಾರೆ ಬರೆಯುವುದೇ ಇರಲಿ ಎಂದುಕೊಂಡಿದ್ದೇನೆ.

ನಾನು ಕೇಳಿಕೊಂಡದ್ದೆಲ್ಲ ಎಲ್ಲಿ ಹೋಗುತ್ತದೆ ಎಂದು ಈಚೆಗೆ ಒಮ್ಮೊಮ್ಮೆ ಯೋಚನೆ ಬರುತ್ತದೆ. ಅಲ್ಲಿಯೂ ಒಂದು ತಡೆದಿಟ್ಟ ಪತ್ರಗಳ ಪುಟ ಇದ್ದೀತು. ಅಲ್ಲಿನ ಯಜಮಾನನಿಗೂ ಸೂಚನೆ ಮುಟ್ಟದೇ ಇದ್ದೀತು. ಹಾಗೆಂದು ಕೇಳಿಕೊಳ್ಳುವುದನ್ನು ಬಿಟ್ಟಿಲ್ಲ.

ನಿನ್ನೆ ಹದಿಮೂರನೆಯ ಸಲ ಸೇರಿಸಿದೆ. ಫ್ಯೂಸಣ್ಣ ಏಣಿ ಹೊತ್ತುಕೊಂಡು ಹಾದುಹೋಗುವಾಗ ಕೇಳಿದ, "ಇವತ್ತಾ ಗುಬ್ಬಿ, ನಿಮ್ಮಣ್ಣಂದು?"

"ಇವತ್ತೇ" ಅಂದೆ.

ಅವನು ಏಣಿಯನ್ನು ಗೋಡೆಗೆ ಒರಗಿಸಿ, ನಾನು ಟೈಪ್ ಮಾಡಿ ಮುಗಿಸುವವರೆಗೆ ನಿಂತಿದ್ದ.